ನಿಲ್ಲಲಿರುವವರು

ಮೈಸೂರಿನ ಕೃಷ್ಣರಾಜ ಕ್ಷೇತ್ರಕ್ಕೆ ಸೇರಿದ ನಮ್ಮ ಅಗ್ರಹಾರದ ಬೀದಿಯಲ್ಲಿ, ಮೂಲೆಮನೆಯ ರಾಯರು ವಿಧಾನಸಭೆಗೆ ನಿಲ್ಲುವ ವಿಚಾರವನ್ನು ಕೈಗೆತ್ತಿಕೊಂಡು ಇಪ್ಪತ್ತು ವರುಷಗಳ ಮೇಲಾಯಿತು. ಈ ಅವಧಿಯಲ್ಲಿ ಎಷ್ಟೋ ಮಂದಿ ನಿಂತರು, ನಿಂತವರಲ್ಲಿ ಕೆಲವರು ಗೆದ್ದು ಕುಳಿತರು, ಕುಳಿತವರಲ್ಲಿ ಕೆಲವರು ಪಕ್ಷಾಂತರಮಾಡಿ ಮರಳಿ ನಿಂತರು. ರಾಯರು ಮಾತ್ರ ಜಗಲಿಯ ಬೆತ್ತದ ಕುರ್ಚಿಯ ಮೇಲೆ ಕುಳಿತೇ ಇದ್ದಾರೆ, ನಿಲ್ಲುವ ಧ್ಯಾನದಲ್ಲಿ.

ಅವರಿಗೆ ಯೋಗ್ಯತೆಯಿಲ್ಲವೆಂದು ಯಾರೂ ಹೇಳಲಾರರು. ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದ ಅವರಿಗೆ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ವಿಷ್ಣುಸಹಸ್ರನಾಮದಷ್ಟೇ ಕಂಠಸ್ಥ. ವಿಧಾನಸಭೆಗೆ ಠೇವಣಿ 10,000 ರೂಪಾಯಿ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಅದು ಸರಕಾರದ ಬೊಕ್ಕಸಕ್ಕೆ. ಅಭ್ಯರ್ಥಿಯು 40 ಲಕ್ಷದವರೆಗೆ ವೆಚ್ಚಮಾಡಬಹುದೆಂಬುದನ್ನು ಕೇಳಿ ನಾವೆಲ್ಲ ಬಾಯ್ತೆರೆದರೆ, ರಾಯರು ಕಾಗದದ ಮೇಲೆ ತಮ್ಮ ವೆಚ್ಚವನ್ನು ನಾಲ್ಕು ಸಾವಿರಕ್ಕೆ ಅಂದಾಜುಮಾಡಿ, ಮಿಕ್ಕ 39,96,000 ರೂಪಾಯಿಗಳನ್ನು ಉಳಿತಾಯವೆಂಬ ತಲೆಬರಹದ ಕೆಳಗೆ ಬರೆದು, ಎರಡು ಗೆರೆ ಎಳೆದರು. ಸಾಹಿತ್ಯಾಭಿಮಾನಿಗಳೂ ಆದ ಅವರು, ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತುದನ್ನು ಆಗಾಗ ಸ್ಮರಿಸಿ, ತಾವೂ ಆ ಪರಂಪರೆಗೆ ಸೇರಿದವರೆಂದು ಸೂಚಿಸುವುದುಂಟು. ಕಾರಂತರು ಸೋಲುವುದಕ್ಕೆ ಮುನ್ನ ನಿಂತಿದ್ದರೆಂಬ ಅಲ್ಪಭೇದವನ್ನು ಎತ್ತಿ ಆಡುವುದು ನೆರೆಹೊರೆಯ ಧರ್ಮವಲ್ಲವೆಂದು ನಾನು ಸುಮ್ಮನಿರುವೆನು.

2023ರ ಚುನಾವಣೆಯಲ್ಲಂತೂ ಅವರ ನಿಶ್ಚಯ ಅಚಲವಾಗಿತ್ತು. ಪಕ್ಷೇತರರಿಗೆ ದೊರೆಯುವ ಚಿಹ್ನೆಗಳಲ್ಲಿ ಊರುಗೋಲನ್ನು ಆರಿಸಿಯೂ ಆಗಿತ್ತು. ಆದರೆ ಪಕ್ಷೇತರನ ನಾಮಪತ್ರಕ್ಕೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರು ಸೂಚಕರಾಗಿ ಸಹಿಹಾಕಬೇಕು. ಇಷ್ಟು ದೊಡ್ಡ ಕ್ಷೇತ್ರದಲ್ಲಿ ಹತ್ತು ಮಂದಿ! ರಾಯರು ನಕ್ಕರು; ನಕ್ಕು, ಬೆರಳೆಣಿಸಲಾರಂಭಿಸಿದರು. ಎದುರುಮನೆಯವರಿಗೂ ಇವರಿಗೂ ಚರಂಡಿಯ ವಿಷಯದಲ್ಲಿ ಮಾತಿಲ್ಲ. ಅದರಾಚೆಯವರು ಇವರ ಹೆಂಚಿನ ಮೇಲೆ ತೆಂಗಿನ ಗರಿ ಬೀಳಿಸಿ, ಕ್ಷಮೆ ಕೇಳುವುದರ ಬದಲು ಗರಿಯನ್ನು ವಾಪಸು ಕೇಳಿದವರು. ದಿನಸಿ ಅಂಗಡಿಯ ಶೆಟ್ಟರ ತಕ್ಕಡಿಯ ಮೇಲೆ ಇವರು ಪತ್ರಿಕೆಯ ವಾಚಕರ ವಾಣಿಗೆ ಬರೆದಿದ್ದರು. ಹೀಗೆ ಸಾರ್ವಜನಿಕ ಹಿತಕ್ಕಾಗಿ ಸಾರ್ವಜನಿಕರನ್ನೆಲ್ಲ ಎದುರುಹಾಕಿಕೊಂಡಿದ್ದ ರಾಯರ ಎಣಿಕೆ ಏಳಕ್ಕೆ ಬಂದು ನಿಂತಿತು. ಎಂಟನೆಯ ಬೆರಳನ್ನು ಮಡಿಸುತ್ತ ಅವರು ನನ್ನ ಮುಖವನ್ನು ನೋಡಿದರು. ನನಗೆ ಕೆಮ್ಮು ಬಂತು.

ಆಸ್ತಿಪಾಸ್ತಿಗಳ ಪ್ರಮಾಣಪತ್ರವು ಇನ್ನೊಂದು ವಿಪತ್ತು. ಅದರಲ್ಲಿ ಪತ್ನಿಯ ಸೊತ್ತನ್ನೂ ಘೋಷಿಸಬೇಕೆಂದು ತಿಳಿದ ಅಮ್ಮನವರು, "ನನ್ನ ಬಳೆ ಎಷ್ಟು ಗ್ರಾಮು ಅಂತ ಊರಿಗೆಲ್ಲ ಸಾರಬೇಕೇನ್ರೀ? ನಮ್ಮತ್ತಿಗೆ ಓದಿದರೆ ಏನಾಗುತ್ತೆ ಗೊತ್ತಾ?" ಎಂದರು. ಒಲಿಸಿ, ಬೇಡಿ, ಕಡೆಗೆ ದೇಶದ ಹೆಸರು ಹೇಳಿ ಕೇಳಿದಾಗ, ಅಂಚೆಕಚೇರಿಯಲ್ಲಿ ಅವರದೊಂದು ಪಾಸುಪುಸ್ತಕವಿರುವುದೂ, ಅದರಲ್ಲಿರುವ ಮೊತ್ತವು ರಾಯರ ಉಳಿತಾಯದ ಎರಡರಷ್ಟಿರುವುದೂ ಬೆಳಕಿಗೆ ಬಂದುವು. ಜೀವಮಾನವೆಲ್ಲ ಅನ್ಯರ ಲೆಕ್ಕಗಳನ್ನು ತನಿಖೆಮಾಡಿದ ರಾಯರು ಅಂದು ಸಂಜೆ ಬಹಳ ಹೊತ್ತು ಮಾತನಾಡಲಿಲ್ಲ.

ನಾಮಪತ್ರಕ್ಕೆ ಕಡೆಯ ದಿನ ಏಪ್ರಿಲ್ 20. ಅಂದು ಬೆಳಗ್ಗೆ ಅಮಾವಾಸ್ಯೆ; ಅದರ ಮೇಲೆ ಸೂರ್ಯಗ್ರಹಣ, ಅದೂ ಭಾರತದಲ್ಲಿ ಗೋಚರಿಸದ ಗ್ರಹಣ. ಕಾಣದ ಗ್ರಹಣಕ್ಕೆ ದೋಷವಿಲ್ಲವೆಂದು ಪಂಚಾಂಗದವರು ಹೇಳಿದರೂ, "ನನಗೆ ಇವುಗಳಲ್ಲಿ ನಂಬಿಕೆಯಿಲ್ಲ, ಮತದಾರರಿಗಿದೆ" ಎಂದು ರಾಯರು ಅದು ಬಿಡುವ ಹನ್ನೆರಡೂವರೆಯವರೆಗೆ ಕಾದರು. ಗುರುವಾರವಾದುದರಿಂದ ಒಂದೂವರೆಗೆ ರಾಹುಕಾಲ. ಅದು ಮುಗಿಯುವುದು ಮೂರಕ್ಕೆ. ಕಚೇರಿಯ ಬಾಗಿಲು ಮುಚ್ಚುವುದೂ ಮೂರಕ್ಕೇ. ಗ್ರಹಣಕ್ಕೂ ರಾಹುವಿಗೂ ನಡುವೆ ವಿಧಿಯು ಉಳಿಸಿದ್ದ ಆ ಒಂದು ಗಂಟೆಯಲ್ಲಿ ಊಟವಾಯಿತು, ಎಲೆಯಡಿಕೆಯಾಯಿತು, ಸಣ್ಣದೊಂದು ನಿದ್ರೆಯೂ ಆಯಿತು.

ಮೂರು ಹೊಡೆದಮೇಲೆ ನಾನು ಕೆಮ್ಮಿನಿಂದ ಗುಣಹೊಂದಿ ಅವರ ಜಗಲಿಗೆ ಹೋದೆನು. "ಹತ್ತು ಸಹಿ ಕೂಡಿಬರಲಿಲ್ಲ, ಈ ಜನಕ್ಕೆ ಪ್ರಜಾಪ್ರಭುತ್ವದ ಬೆಲೆಯೇ ತಿಳಿಯದು" ಎಂದು ರಾಯರು ನಿಟ್ಟುಸಿರಿಟ್ಟರು. ಕಾಫಿ ತಂದ ಅಮ್ಮನವರು ಅಲ್ಲಿಯೇ ನಿಂತು, "ಅಯ್ಯೋ, ಹತ್ತು ತಾನೆ? ಶೆಟ್ಟರ ಮನೆಯಾಕೆ, ಎದುರುಮನೆ ಲಲಿತಮ್ಮ, ಅವರ ಸೊಸೆ, ತೆಂಗಿನಮರದವರ ಮನೆಯಲ್ಲಿ ಇಬ್ಬರು, ಹೂವಿನವಳು, ಭಜನೆಯವರೇ ಎಂಟು ಜನ..." ಎಂದು ಲೋಟ ನನ್ನ ಕೈಗೆ ಬರುವಷ್ಟರಲ್ಲಿ ಹದಿನಾಲ್ಕು ಮಂದಿಯನ್ನು ಎಣಿಸಿ ಒಳಗೆ ಹೋದರು.

ರಾಯರು ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ನನ್ನತ್ತ ಎಳೆದುಕೊಂಡು, ದನಿ ತಗ್ಗಿಸಿ, "ಮುಂದಿನ ಸಲದ ಮಾತನ್ನು ಇವಳ ಎದುರಿಗೆ ಎತ್ತಬೇಡಿ" ಎಂದರು.