ತಕ್ಕಡಿ ರಾಯರು

ಮ್ಯೂನಿಕ್‌ನಲ್ಲಿ ಮನೆ ಹಿಡಿದವರು ಎರಡು ವಾರದೊಳಗೆ ನಗರಾಡಳಿತದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದು ಕಾನೂನು. ಕನ್ನಡಿಗರಾದರೆ ಅದಕ್ಕೂ ಮೊದಲು ತಕ್ಕಡಿ ರಾಯರ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಬೇಕು. ಇದು ಸಂಪ್ರದಾಯ. ಕಾನೂನಿನಿಂದ ತಪ್ಪಿಸಿಕೊಂಡವರು ಇದ್ದರೂ ಇರಬಹುದು, ರಾಯರಿಂದ ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. "ಪರದೇಶ ಅಂದಮೇಲೆ ಎರಡೂ ಕಡೆ ತೂಗಿ ನೋಡಬೇಕು" ಎನ್ನುವುದು ಅವರ ಪಲ್ಲವಿಯಾದ್ದರಿಂದ ಕನ್ನಡ ಕೂಟದ ಹುಡುಗರು ಈ ಹೆಸರಿಟ್ಟರು. "ಎರಡೇ ವರ್ಷ, ಪ್ರಾಜೆಕ್ಟ್ ಮುಗಿಸಿ ವಾಪಸ್" ಎಂದು ಬಂದವರು. ಆಗ ಕಂಕುಳಲ್ಲಿದ್ದ ಮಗಳು ಈಗ ಅಪ್ಪನ ಜರ್ಮನ್ ತಿದ್ದುತ್ತಾಳೆ. ರಾಯರದು ಮಾತ್ರ ಇನ್ನೂ ತೂಗಿ ಮುಗಿದಿಲ್ಲ.

ಕಾಫಿ ಬರುವ ತನಕ ನಷ್ಟದ ಬಾಬತ್ತು. "ಮನೆ ಬಾಡಿಗೆಗೆ ಸಿಕ್ತು ಇವರೇ. ಬೀಗ ತೆಗೆದು ನೋಡ್ತೀನಿ, ಅಡುಗೆಮನೇನೇ ಇಲ್ಲ!" ಇಲ್ಲ ಎಂದರೆ ಕೋಣೆ ಇತ್ತು, ಸಿಂಕು, ಒಲೆ, ಕಪಾಟು ಯಾವುದೂ ಇರಲಿಲ್ಲ. ಜರ್ಮನಿಯಲ್ಲಿ ಮನೆ ಬಿಡುವವರು ಇವನ್ನೆಲ್ಲ ಬಿಚ್ಚಿಕೊಂಡು ಹೋಗುವುದು ಮಾಮೂಲು. ಗೋಡೆಯಲ್ಲಿ ಎರಡು ನೀರಿನ ಪೈಪು, ಸೂರಿನಲ್ಲಿ ಬಲ್ಬಿಲ್ಲದ ವೈರು, ಅದರ ಕೆಳಗೆ ಬೆಂಗಳೂರಿಂದ ಹೊತ್ತು ತಂದ ಕುಕ್ಕರ್ ಹಿಡಿದು ನಿಂತ ಹೆಂಡತಿ. ಆಕೆಯ ಮುಖ ಹೇಗಿತ್ತು ಎಂಬುದನ್ನು ರಾಯರು ಎದ್ದು ನಿಂತು ಅಭಿನಯಿಸುತ್ತಾರೆ. "ಆಗ ನೀವೆಲ್ಲಿದ್ರಿ, ಅದನ್ನೂ ಹೇಳ್ರೀ" ಎಂದು ಒಳಗಿನಿಂದ ದನಿ ಬರುತ್ತದೆ. ರಾಯರು ಲಿಫ್ಟಿನ ಹತ್ತಿರ ನಿಂತು, ವಾಪಸ್ ಹೋಗುವುದೇ ಲೇಸೇನೋ ಎಂದು ತೂಗುತ್ತಿದ್ದರಂತೆ.

ಆಮೇಲೆ ಪ್ರಸಾರ ಶುಲ್ಕ. ಟೀವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ. "ಇವರ ವಾರ್ತೆ ನನಗೆ ಅರ್ಥ ಆಗಲ್ಲ. ಬಿಲ್ ಮಾತ್ರ ಚೆನ್ನಾಗಿ ಅರ್ಥ ಆಗತ್ತೆ." ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿ ಬಂದ್, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗ್ರೈಂಡರ್ ಹಾಕಿದರೆ ಕೆಳಮನೆಯ ಅಜ್ಜಿ ಬಂದು ಬೆಲ್ ಒತ್ತುತ್ತಾರೆ. ಇಡ್ಲಿ ಹಿಟ್ಟನ್ನು ಶನಿವಾರವೇ ರುಬ್ಬಿ, ಉಬ್ಬಲೆಂದು ಓವನ್ನಿನ ದೀಪ ಹಾಕಿ ಒಳಗಿಡಬೇಕು. ಇಷ್ಟು ಕೇಳುವ ಹೊತ್ತಿಗೆ ಬಂದವನು ಮೊಬೈಲಿನಲ್ಲಿ ಬೆಂಗಳೂರಿನ ಟಿಕೆಟ್ ದರ ನೋಡುತ್ತಿರುತ್ತಾನೆ.

ಅಷ್ಟರಲ್ಲಿ ಕಾಫಿ. ಒಂದು ಗುಟುಕು ಒಳಗೆ ಹೋದದ್ದೇ ರಾಯರ ರಾಗ ಬದಲು. "ಆದ್ರೆ ನೋಡಿ, ವರ್ಷಕ್ಕೆ 30 ದಿನ ರಜೆ ಕೊಡ್ತಾರೆ ನಮ್ಮಲ್ಲಿ. ರಜೆಯಲ್ಲಿ ಮ್ಯಾನೇಜರ್ ಫೋನ್ ಮಾಡಲ್ಲ! ಮಗಳ ಸ್ಕೂಲಿಗೆ ಫೀಸಿಲ್ಲ. ಮಗು ಇದೆ ಅಂತ ಸರ್ಕಾರವೇ ತಿಂಗಳಿಗೆ 250 ಯೂರೋ ಮೇಲೆ ಕೊಡತ್ತೆ." ಖಾಲಿ ಬಾಟಲಿಯ ಯಂತ್ರದ ಮಾತು ಬಂದರಂತೂ ಕಣ್ಣು ಹೊಳೆಯುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿ ಒಂದಕ್ಕೆ 25 ಸೆಂಟ್ ವಾಪಸ್. ಅಂಗಡಿಯಲ್ಲಿ ಅವರು ಒಂದೊಂದೇ ಬಾಟಲಿ ತೂರಿಸಿ, ಯಂತ್ರ ನುಂಗುವುದನ್ನು ಬಗ್ಗಿ ನೋಡಿ, ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ, ಚೀಟಿಯನ್ನು ಜೇಬಿಗಿಳಿಸುವುದನ್ನು ನಾನೇ ನೋಡಿದ್ದೇನೆ. ಚೀಟಿ ಜೇಬಲ್ಲೇ ವಾಷಿಂಗ್ ಮಷೀನಿಗೆ ಹೋಗುವುದೂ ಉಂಟು.

ಇದೇ ರಾಯರು ಬೆಂಗಳೂರಿಗೆ ಹೋದಾಗ ತಕ್ಕಡಿ ತಿರುಗುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರು ನಿಂತ ಕೂಡಲೇ, "ನಮ್ಮ ಮ್ಯೂನಿಕ್‌ನಲ್ಲಿ ಎಂಟು ವರ್ಷದ ಮಕ್ಕಳು ಒಂಟಿಯಾಗಿ ಟ್ರಾಮ್ ಹತ್ತಿ ಸ್ಕೂಲಿಗೆ ಹೋಗ್ತಾವೆ" ಎಂದು ಶುರು. "ಹಾಗಾದ್ರೆ ಅಲ್ಲೇ ಇದ್ದುಬಿಡಪ್ಪ" ಎಂದು ಸ್ಟೇರಿಂಗ್ ಹಿಡಿದ ಭಾವ ಅಂದರೆ, "ಎಲ್ಲಿ ಭಾವ, ಅಲ್ಲಿ ಅಡುಗೆಮನೇನೇ ಇರಲ್ಲ!"

ಒಂದನ್ನು ಮಾತ್ರ ಅವರು ಯಾವ ಕಡೆಗೂ ಹಾಕುವುದಿಲ್ಲ. ಮೈಸೂರಿನಿಂದ ಅಮ್ಮನ ಫೋನ್ ಬಂದರೆ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಾರೆ. ಒಳಗೆ ಬಂದ ಮೇಲೆ ಸ್ವಲ್ಪ ಹೊತ್ತು ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇವರು ತೂಗುತ್ತಿದ್ದ ಹೊತ್ತಿನಲ್ಲಿ ಅವರ ಹೆಂಡತಿ ಜರ್ಮನ್ ಕಲಿತು, ಕೆಲಸಕ್ಕೆ ಸೇರಿ, ಪೌರತ್ವದ ಪರೀಕ್ಷೆಯನ್ನೂ ಬರೆದು ಬಂದರು. 33 ಪ್ರಶ್ನೆ, 17 ಸರಿಯಾದರೆ ಪಾಸು. ಆಕೆ ಪಾಸಾದ ಸುದ್ದಿ ಕೇಳಿ ರಾಯರು ಗಾಬರಿಯಾದರು: "ಅಲ್ವೇ, ಭಾರತದ ಪಾಸ್‌ಪೋರ್ಟ್ ಬಿಡಬೇಕಾಗತ್ತೆ, ಎರಡೆರಡು ಇಟ್ಕೊಳ್ಳೋಕೆ ನಮ್ಮ ದೇಶ ಒಪ್ಪಲ್ಲ. ತೂಗಿ ನೋಡೋದಲ್ವಾ?"

"ನೀವು ತೂಗ್ತಾ ಇರಿ. ಇವತ್ತು ಶನಿವಾರ, ಎಂಟಕ್ಕೆ ಅಂಗಡಿ ಮುಚ್ತಾರೆ, ಹಾಲಿಲ್ಲ" ಎಂದು ಆಕೆ ಚೀಲ ಹಿಡಿದು ಹೊರಟರು.

ಮ್ಯೂನಿಕ್‌ಗೆ ಹೊರಟಿರುವ ಓದುಗರು ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಸಿಂಕು, ಒಲೆ ಇವೆಯೇ ಕೇಳಿಕೊಳ್ಳಿ. ಇಂಥ ವಿಚಾರಗಳಲ್ಲಿ ರಾಯರ ಮಾತು ನಂಬಬಹುದು. ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಇದ್ದರೆ ಮಾತ್ರ ದಯವಿಟ್ಟು ಅವರ ಹೆಂಡತಿಯನ್ನು ಕೇಳಿ.