ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಇಲ್ಲ

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಒಳ್ಳೆಯ ಹುಡುಗ. ಚೆನ್ನಾಗಿ ನಡೆಯುತ್ತಿರುವ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಡಲಾರ, ಅದೊಂದೇ ದೋಷ. ಶಿವಮೊಗ್ಗಕ್ಕೆ ಬಂದನೆಂದರೆ ಟಿವಿಗೆ ಹೊಸ ಆ್ಯಪ್, ನನ್ನ ಮೊಬೈಲಿಗೆ ಹೊಸ ಪಾಸ್‌ವರ್ಡ್, ಗೀಸರಿಗೆ ಟೈಮರ್. ಅವನು ಬಸ್ಸು ಹತ್ತಿದ ಮೇಲೆ ನಾವು ತಣ್ಣೀರು ಸ್ನಾನ ಮಾಡುತ್ತೇವೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತ ಗಾದೆಯಿದೆಯಲ್ಲ, ಇವನು ಮನೆಮನೆಗೆ ಇರುವೆ ಸರಬರಾಜು ಮಾಡುವವನು.

ಈ ಸಲ ಅವನ ಕಣ್ಣು ನನ್ನ ಡೆಸ್ಕ್‌ಟಾಪಿನ ಮೇಲೆ ಬಿತ್ತು. 2017ರಲ್ಲಿ ಕೊಂಡದ್ದು. ಅದರಿಂದ ನನಗೆ ಆಗಬೇಕಾದದ್ದು ನುಡಿಯಲ್ಲಿ ನಾಲ್ಕು ಪುಟ ಟೈಪು ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ರಾಜ್‌ಕುಮಾರ್ ಹಾಡು ಹಾಕಿಕೊಂಡು ತೂಕಡಿಸುವುದು.

“ಮಾವ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತೋಯ್ತು. 11 ಹಾಕ್ಬೇಕು. ಅದಕ್ಕೆ ಟಿಪಿಎಂ 2.0 ಅಂತ ಒಂದು ಬೇಕು. ನಿಮ್ಮ ಬಯೋಸ್ ಹಳೇದು, ಅಪ್‌ಡೇಟ್ ಮಾಡಿದ್ರೆ ಆ ಆಪ್ಷನ್ ಬರುತ್ತೆ. ಐದು ನಿಮಿಷದ ಕೆಲಸ.”

ಐದು ನಿಮಿಷದ ಕೆಲಸ ಅನ್ನುವವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಬೇಕು.

ಪೆನ್‌ಡ್ರೈವ್ ಚುಚ್ಚಿದ. ತೆರೆಯ ಮೇಲೆ ನೀಲಿ ಪಟ್ಟಿ ತೆವಳತೊಡಗಿತು. ಕೆಳಗೆ ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆಕಾಶಕ್ಕೆ ಇಂಗ್ಲಿಷ್ ಬಾರದು. ಪಟ್ಟಿ ಅರ್ಧ ದಾಟಿದ ಹೊತ್ತಿಗೆ ತುಂಗೆಯ ಆಚೆ ದಡದಲ್ಲಿ ಗುಡುಗಿತು, ಕರೆಂಟು ಹೋಯಿತು. ಯುಪಿಎಸ್ ಇರಲಿಲ್ಲವೇ ಎಂದು ಕೇಳುವವರಿಗೆ ಹೇಳುತ್ತೇನೆ, ಇತ್ತು. ಅದರ ಬ್ಯಾಟರಿ ತೀರಿಕೊಂಡ ಮೇಲೆ ನನ್ನ ಹೆಂಡತಿ ಅದರ ಮೇಲೆ ಮನಿಪ್ಲಾಂಟ್ ಕುಂಡ ಇಟ್ಟಿದ್ದಳು.

ಕರೆಂಟು ಬಂದ ಮೇಲೆ ಸ್ವಿಚ್ ಒತ್ತಿದರೆ ಫ್ಯಾನು ತಿರುಗಿತು, ದೀಪ ಹತ್ತಿತು. ಅಷ್ಟೇ. ಕೀಬೋರ್ಡಿನ ನಮ್ ಲಾಕ್ ಎಷ್ಟು ಒತ್ತಿದರೂ ಮಿಣುಕಲಿಲ್ಲ. ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂಬ ಚೌಕ ಆ ಮೂಲೆಯಿಂದ ಈ ಮೂಲೆಗೆ ತೇಲಾಡಿತು.

ಆದದ್ದಿಷ್ಟು. ಸ್ವಿಚ್ ಒತ್ತಿದ ಕ್ಷಣದಲ್ಲಿ ಪ್ರೊಸೆಸರಿಗೆ ತಾನು ಯಾರು, ಎಲ್ಲಿದ್ದೇನೆ ಒಂದೂ ಗೊತ್ತಿರುವುದಿಲ್ಲ. ಹಾರ್ಡ್ ಡಿಸ್ಕ್ ಎಂಬುದಿದೆ ಎಂದೂ ತಿಳಿಯದು. 4 ಜಿಬಿ ಗಡಿಗಿಂತ 16 ಬೈಟ್ ಕೆಳಗಿನ ವಿಳಾಸಕ್ಕೆ ಹೋಗು, ಅಲ್ಲಿ ಬರೆದದ್ದನ್ನು ಮಾಡು ಎಂಬುದೊಂದೇ ಅದಕ್ಕೆ ಹುಟ್ಟಿನಿಂದ ಬಂದ ಪಾಠ. ಆ ವಿಳಾಸದಲ್ಲಿ ಕೂತಿರುವುದು ಮದರ್‌ಬೋರ್ಡಿನ ಮೂಲೆಯ ಎಂಟು ಕಾಲಿನ ಐಸಿ. ಬಯೋಸ್ ಇರುವುದು ಅದರೊಳಗೆ. ಅದು ಫ್ಲ್ಯಾಶ್ ಮೆಮೊರಿ. ಹಳೆಯದನ್ನು ಅಳಿಸದೆ ಹೊಸದನ್ನು ಬರೆಸಿಕೊಳ್ಳುವುದಿಲ್ಲ. ಅಳಿಸಿಯಾಗಿದೆ, ಬರೆದಿನ್ನೂ ಮುಗಿದಿಲ್ಲ ಅನ್ನುವಾಗ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. 1981ರ ಐಬಿಎಂ ಪಿಸಿಯಲ್ಲಿ ಈ ರಗಳೆಯೇ ಇರಲಿಲ್ಲ. ಅದರ ಬಯೋಸು ಅಳಿಸಲಾಗದ ಚಿಪ್ಪಿನಲ್ಲಿತ್ತು, ಯಾವ ಸೋದರಳಿಯನೂ ಮುಟ್ಟುವಂತಿರಲಿಲ್ಲ.

ಹುಡುಗ ದುಂಡನೆಯ 2032 ಸೆಲ್ ತೆಗೆದು ಮತ್ತೆ ಹಾಕಿದ. ಅದರಿಂದ ತಾರೀಖು, ಸಮಯ, ಸೆಟ್ಟಿಂಗು ಅಳಿಯುತ್ತವೆಯೇ ಹೊರತು ಹೋದ ಪ್ರೋಗ್ರಾಂ ವಾಪಸು ಬರುವುದಿಲ್ಲ. ಕೆಲವು ಬೋರ್ಡುಗಳ ಹಿಂದೆ ಒಂದು ಗುಂಡಿ ಇರುತ್ತದಂತೆ. ಪೆನ್‌ಡ್ರೈವ್ ಚುಚ್ಚಿ ಅದನ್ನು ಒತ್ತಿದರೆ ಪ್ರೊಸೆಸರೇ ಇಲ್ಲದಿದ್ದರೂ ಬಯೋಸ್ ತಾನಾಗಿ ತುಂಬಿಕೊಳ್ಳುತ್ತದೆ. ಇನ್ನು ಕೆಲವದರಲ್ಲಿ ಬಯೋಸ್ ಚಿಪ್ಪೇ ಎರಡು, ಒಂದು ಮಲಗಿದರೆ ಇನ್ನೊಂದು ಏಳುತ್ತದೆ. ನಮ್ಮದು ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಯಾವುದು ಎಂದು ಕೇಳಿ ತಂದ ಬೋರ್ಡು. ಅಷ್ಟರಲ್ಲಿ ಹುಡುಗನಿಗೆ ರಾತ್ರಿ ಬಸ್ಸಿನ ಹೊತ್ತಾಯಿತು.

ಆಮೇಲಿನದು ಬೀದಿಯವರ ಪಾಲು. ಎದುರು ಮನೆಯ ಮೇಷ್ಟ್ರು ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿಸಿದರು. (ನಗಬೇಡಿ, ಡಿಸ್ಪ್ಲೇ ಬಾರದ ಎಷ್ಟೋ ಕಂಪ್ಯೂಟರುಗಳು ಈ ಒಂದು ರಬ್ಬರಿನಿಂದ ಎದ್ದು ಕೂತಿವೆ. ನಮ್ಮದು ಏಳಲಿಲ್ಲ.) ಅಡುಗೆಮನೆಯಿಂದ ಬಂದ ಸಲಹೆ: “ರೀ, ಅದಂತೂ ಕೆಡ್ತು, ಆ ಮನಿಪ್ಲಾಂಟಿಗಾದರೂ ನೀರು ಹಾಕಿ.”

ಮೊದಲು ಹೋದದ್ದು ಗಾಜಿನ ಬಾಗಿಲಿನ, ಏಸಿ ಇರುವ ಅಂಗಡಿಗೆ. ಅವರು ಸ್ವಿಚ್ ಹಾಕಿದರು, ಫ್ಯಾನ್ ನೋಡಿದರು, ಸ್ವಿಚ್ ಆರಿಸಿದರು. “ಮದರ್‌ಬೋರ್ಡ್ ಹೋಗಿದೆ ಸರ್. ಈ ಸಾಕೆಟ್ಟಿನದು ಈಗ ಬರಲ್ಲ. ಬೋರ್ಡ್ ಬದಲಾಯಿಸಿದ್ರೆ ಪ್ರೊಸೆಸರ್, ರ‍್ಯಾಮ್ ಎಲ್ಲಾ ಬದಲಾಯಿಸ್ಬೇಕು. ಹೊಸ ಸೆಟ್ಟೇ ತಗೊಂಡ್ಬಿಡಿ.” ಲೆಕ್ಕ ಇಪ್ಪತ್ತೆರಡು ಸಾವಿರಕ್ಕೆ ಬಂದು ನಿಂತಿತು. ನೆಗಡಿಯಾದರೆ ಮೂಗು ಕೊಯ್ಯುವ ಚಿಕಿತ್ಸೆ.

ಕೊನೆಗೆ ಹೋದದ್ದು ದುರ್ಗಿಗುಡಿಯ ಅಡ್ಡರಸ್ತೆಯ ಒಂದು ಮಹಡಿಗೆ. ಕೆಳಗೆ ಟೈಲರ್, ಮೇಲೆ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುವ ಹುಡುಗ. ಇಪ್ಪತ್ತೈದರ ಒಳಗಿನ ವಯಸ್ಸು. ಮೇಜಿನ ತುಂಬ ಹೊಟ್ಟೆ ಬಿಚ್ಚಿಕೊಂಡು ಮಲಗಿದ ಫೋನುಗಳು, ಫ್ಲಕ್ಸಿನ ಘಾಟು. ನಾನು ಕಥೆ ಶುರುಮಾಡುವ ಮೊದಲೇ ಕೇಳಿದ:

“ಅಪ್‌ಡೇಟ್ ಮಾಡಕ್ಕೆ ಹೋಗಿದ್ರಾ ಸರ್?”

“ನಾನಲ್ಲಪ್ಪ, ನಮ್ಮ ಹುಡುಗ.”

“ಎಲ್ರೂ ಹಂಗೇ ಹೇಳ್ತಾರೆ.”

ಬೋರ್ಡು ಬಿಚ್ಚಿ ಭೂತಗನ್ನಡಿಯ ಕೆಳಗಿಟ್ಟು ನನಗೂ ತೋರಿಸಿದ. ಐಸಿಯ ಒಂದು ಮೂಲೆಯಲ್ಲಿ ಸಣ್ಣ ಚುಕ್ಕಿ. ಅದು ಒಂದನೇ ಕಾಲಿನ ಗುರುತು. ಬಟ್ಟೆ ಕ್ಲಿಪ್ಪಿನ ಜಾತಿಯದೇ ಒಂದು ಚಿಕ್ಕ ಕ್ಲಿಪ್ಪನ್ನು, ಅದರ ಕೆಂಪು ವೈರು ಚುಕ್ಕಿಯ ಕಡೆಗೆ ಬರುವಂತೆ, ಐಸಿಗೆ ಕಚ್ಚಿಸಿದ. ವೈರಿನ ಇನ್ನೊಂದು ತುದಿ ಸಿಎಚ್341ಎ ಎಂಬ ಬೆರಳುದ್ದದ ಕಪ್ಪು ಪ್ರೋಗ್ರಾಮರಿಗೆ, ಅದು ಅವನ ಲ್ಯಾಪ್‌ಟಾಪಿಗೆ. “ಈ ಕಪ್ಪು ಬೋರ್ಡಿಗೆ ಒಂದು ಕಾಯಿಲೆ ಸರ್. ಐಸಿಗೆ ಬೇಕಾಗಿದ್ದು 3.3 ವೋಲ್ಟ್. ಇದು ಡೇಟಾ ಲೈನಲ್ಲಿ 5 ಬಿಡುತ್ತೆ. ನಾನು ವೈರ್ ಹಾಕಿ ಸರಿ ಮಾಡ್ಕೊಂಡಿದೀನಿ.”

ಒಂದು ಸಲ ಓದಿಸಿದ, ಇನ್ನೊಂದು ಸಲ ಓದಿಸಿದ. ಎರಡೂ ತಾಳೆಯಾಗಲಿಲ್ಲ. ಕ್ಲಿಪ್ಪಿನಿಂದ ಹೋಗುವ ಕರೆಂಟನ್ನು ಬೋರ್ಡಿನ ಉಳಿದ ಭಾಗಗಳೂ ಹೀರುತ್ತವಂತೆ. ಸರಿ, ಸುತ್ತ ಶಾಖ ತಡೆಯುವ ಹಳದಿ ಟೇಪು ಅಂಟಿಸಿ ಬ್ಲೋವರ್ ಹಿಡಿದ. ಬೆಸುಗೆ ಕರಗಿ ಹೊಳೆಯುತ್ತಲೇ ಚಿಮಟದಲ್ಲಿ ಐಸಿಯನ್ನು ಎತ್ತಿದ. ಇಪ್ಪತ್ತೆರಡು ಸಾವಿರದ ಸಮಸ್ಯೆ ಅವನ ಅಂಗೈಯಲ್ಲಿ ಕೂತಿತ್ತು, ಜೋರಾಗಿ ಸೀನಿದರೆ ಕಳೆದುಹೋಗುವಷ್ಟು.

ಈ ಸಲದ ಎರಡು ಓದೂ ತಾಳೆಯಾದವು. ತೆರೆಯ ಮೇಲೆ ಒಂದಷ್ಟು ದೂರ ಅಂಕಿ, ಅಕ್ಷರಗಳ ಕಲಸುಮೇಲೋಗರ. ಆಮೇಲೆ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ನಮ್ಮಜ್ಜಿ ರಾಮಕೋಟಿ ಬರೆದ ಪುಸ್ತಕದ ಹಾಗೆ ಪುಟದ ಮೇಲೆ ಪುಟ ಅದೇ. “ಅಳಿಸಿದ ಜಾಗ ಸರ್ ಅದು. ಬರೆಯೋದು ಬಾಕಿ ಇತ್ತು.”

ಕಂಪನಿಯ ಫೈಲನ್ನು ಇಳಿಸಿಕೊಂಡು ತುಂಬಿದರಾಯಿತಲ್ಲ ಅಂದುಕೊಂಡಿದ್ದೆ. ಅದರಲ್ಲೂ ಇದೆಯಂತೆ ಒಂದು ಕುಸುರಿ. ಕೆಲವು ಫೈಲುಗಳ ತಲೆಗೆ ಅಪ್‌ಡೇಟ್ ಪ್ರೋಗ್ರಾಮಿಗಾಗಿ ಇಟ್ಟ ಹೆಚ್ಚುವರಿ ತುಂಡು ಅಂಟಿಕೊಂಡಿರುತ್ತದೆ. ಅದನ್ನು ಕತ್ತರಿಸಿ, 16 ಎಂಬಿ ಚಿಪ್ಪಿಗೆ ಸರಿಯಾಗಿ 1,67,77,216 ಬೈಟ್ ಮಾಡಬೇಕು. ಒಂದು ಹೆಚ್ಚಿರಬಾರದು, ಒಂದು ಕಡಿಮೆಯಿರಬಾರದು. ಬೋರ್ಡಿನ ಸೀರಿಯಲ್ ನಂಬರು, ಕೆಲವದರಲ್ಲಿ ನೆಟ್‌ವರ್ಕಿನ ಮ್ಯಾಕ್ ವಿಳಾಸ, ಇವನ್ನು ಅರೆಜೀವದ ಹಳೆಯ ಪ್ರತಿಯಿಂದ ಹುಡುಕಿ ಹೊಸದಕ್ಕೆ ಕೂರಿಸಬೇಕು. ಅದಕ್ಕೇ ಮೊದಲು ಓದಿಟ್ಟುಕೊಳ್ಳುವುದು. ಓದದೆ ಅಳಿಸುವವನ ಕೈಗೆ ಬೋರ್ಡು ಕೊಡಬಾರದು ಎಂದು ನನಗೆ ಗೊತ್ತಾದದ್ದು ಆ ಸ್ಟೂಲಿನ ಮೇಲೆ.

ಇರೇಸ್, ರೈಟ್, ವೆರಿಫೈ ನಡೆಯುವಾಗ ಹೊತ್ತು ಹೋಗಬೇಕಲ್ಲ. ಅವನಿಗೆ ಸಿಐಎಚ್ ವೈರಸ್ಸಿನ ಕಥೆ ಹೇಳಿದೆ. ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿ 1998ರಲ್ಲಿ ಬರೆದದ್ದು. 1999ರ ಏಪ್ರಿಲ್ 26ರಂದು, ಚೆರ್ನೋಬಿಲ್ ದುರಂತದ ವಾರ್ಷಿಕ ದಿನವೇ, ಎದ್ದು ಹಾರ್ಡ್ ಡಿಸ್ಕ್ ಕೆಡಿಸಿದ್ದಲ್ಲದೆ ಬಯೋಸಿಗೂ ಕೈಹಾಕಿತು. ಆಗ ಎಷ್ಟೋ ಬೋರ್ಡುಗಳಲ್ಲಿ ಬಯೋಸ್ ಚಿಪ್ಪು ಸಾಕೆಟ್ಟಿನಲ್ಲಿರುತ್ತಿತ್ತು. ರಿಪೇರಿಯವರು ಅಂಥದೇ ಇನ್ನೊಂದು ಕಂಪ್ಯೂಟರ್ ಆನ್ ಮಾಡಿ, ಅದು ಓಡುತ್ತಿರುವಾಗಲೇ ಒಳ್ಳೆಯ ಚಿಪ್ಪು ಕಿತ್ತು, ಸತ್ತ ಚಿಪ್ಪು ಕೂರಿಸಿ ಬರೆಯುತ್ತಿದ್ದರು. ಹುಡುಗ ಆಗಿನ್ನೂ ಹುಟ್ಟಿರಲಿಲ್ಲ. “ಕರೆಂಟ್ ಇರುವಾಗ್ಲೇ ಕೀಳ್ತಿದ್ರಾ?” ಎಂದು ಚಿಮಟ ಕೆಳಗಿಟ್ಟ.

ಐಸಿ ಮರಳಿ ಬೋರ್ಡು ಸೇರಿತು. ಸ್ವಿಚ್ ಒತ್ತಿದ. ಫ್ಯಾನು ತಿರುಗಿತು, ಮಾನಿಟರಿನಲ್ಲಿ ಕಂಪನಿಯ ಲಾಂಛನ ಮೂಡಿತು. ಎಂಟುನೂರು ರೂಪಾಯಿ ತೆಗೆದುಕೊಂಡ. ಬಯೋಸ್ ಫೈಲಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, “ಇಟ್ಕೊಂಡಿರಿ ಸರ್, ನಿಮ್ಮ ಹುಡುಗ ಮತ್ತೆ ಬರ್ತಾರಲ್ಲ” ಅಂದ.

ನಾನು ಮಹಡಿ ಇಳಿಯುವ ಮೊದಲೇ ವಿಷಯ ತಿಳಿದು ಸೋದರಳಿಯ ಫೋನ್ ಮಾಡಿದ. “ನೋಡಿ ಮಾವ, ಹೊಸ ಬಯೋಸ್ ಬಂತಲ್ಲ! ಈಗ ಟಿಪಿಎಂ ಆನ್ ಮಾಡಿ 11 ಹಾಕ್ಸಿ.” ರಿಪೇರಿ ಹುಡುಗ ಅದನ್ನು ಆನ್ ಮಾಡಿ, ಮೈಕ್ರೋಸಾಫ್ಟಿನ ತಪಾಸಣೆ ಪ್ರೋಗ್ರಾಂ ಓಡಿಸಿ ತೋರಿಸಿದ. ಟಿಪಿಎಂ ಪಾಸು, ಪ್ರೊಸೆಸರ್ ಫೇಲು. ನನ್ನದು ಇಂಟೆಲ್‌ನ ಏಳನೇ ಜನರೇಶನ್ನಿನದು. ವಿಂಡೋಸ್ 11 ಒಪ್ಪುವುದು, ಬೆರಳೆಣಿಕೆಯ ಅಪವಾದ ಬಿಟ್ಟರೆ, ಎಂಟರಿಂದ ಮೇಲಿನವನ್ನು. ಈ ಪಟ್ಟಿ 2021ರಿಂದಲೂ ಎಲ್ಲರಿಗೂ ಓದಲು ಸಿಗುತ್ತಿದೆ. ಬೆಂಗಳೂರಿನಲ್ಲಿ ಸಿಗುವುದಿಲ್ಲವೋ ಏನೋ.

ನಿಮ್ಮಲ್ಲೂ ಫ್ಯಾನು ತಿರುಗಿ ಡಿಸ್ಪ್ಲೇ ಬಾರದ ಬೋರ್ಡೊಂದು ಬಿದ್ದಿದ್ದರೆ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಐಸಿಯನ್ನು ಎರಡು ಸಲ ಓದಿ ತಾಳೆ ನೋಡುವ ಹುಡುಗನೊಬ್ಬ ನಿಮ್ಮೂರಿನ ಯಾವುದಾದರೂ ಮಹಡಿಯ ಮೇಲೆ ಇದ್ದೇ ಇರುತ್ತಾನೆ, ಮೊದಲು ಅವನನ್ನು ಹುಡುಕಿ.