ಐಪ್ಯಾಡಿನ ಅಂಚು ಮತ್ತು ಅಷ್ಟದಿಕ್ಪಾಲಕರು: ಒಂದು ಅಲ್ಪ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಮೊದಲೇ ಹೇಳಿ ಮುಗಿಸಬೇಕು. ಅಧಿಕಾರಿ: ಮಗಳೋ ಅಳಿಯನೋ ತಂದುಕೊಟ್ಟ ಐಪ್ಯಾಡನ್ನು ಡಬ್ಬಿಯಿಂದ ತೆಗೆದು, ಕನ್ನಡಕ ಒರೆಸಿಕೊಂಡು ಎದುರಿಗೆ ಕೂತವರು. ವಿಷಯ: ಐಪ್ಯಾಡ್‌ಓಎಸ್ ಎಂಬ ಅದರ ಕಾರ್ಯಾಚರಣ ವ್ಯವಸ್ಥೆ. ಸಂಬಂಧ: ಇನ್ನೂ ಕೂಡಿಬಂದಿಲ್ಲ. ಪ್ರಯೋಜನ: ಮೊಮ್ಮಗಳು ಶಾಲೆಯಿಂದ ಬರುವುದನ್ನು ಕಾಯದೆ ಯೂಟ್ಯೂಬಿನಲ್ಲಿ ಒಂದು ಹರಿಕಥೆ ಹಚ್ಚಿಕೊಳ್ಳುವುದು. ಮೋಕ್ಷ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. "ಎರಡು ವರ್ಷದ ಕೂಸೂ ತಾನಾಗಿಯೇ ಆಡಿಸುವ ಯಂತ್ರಕ್ಕೆ ಶಾಸ್ತ್ರವೇಕೆ?" ಉತ್ತರ ಹೀಗೆ. ಕೂಸಿಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಬೆರಳು ಎಲ್ಲಿ ಬಿದ್ದರೆ ಅದೇ ಅದರ ಊರು. ಅಜ್ಜನಿಗೆ ಹಾಗಲ್ಲ, ಕರೆಂಟು ಬಿಲ್ಲೇ ಬೇಕು, ಅದರಲ್ಲೂ ಹೋದ ತಿಂಗಳದ್ದು. ಕೂಸಿನ ಸಾಮರ್ಥ್ಯ ಗುರಿಯಿಲ್ಲದ್ದರಿಂದ ಬಂದದ್ದೇ ಹೊರತು ಯಂತ್ರದ ಸರಳತೆಯಿಂದಲ್ಲ. ಪೂರ್ವಪಕ್ಷಿ ಮತ್ತೆ ಹೇಳುತ್ತಾನೆ: "ಬಳಕೆದಾರರ ಕೈಪಿಡಿ ಇದೆಯಲ್ಲ?" ಇದೆ, ಡಬ್ಬಿಯಲ್ಲಲ್ಲ, ಅಂತರ್ಜಾಲದಲ್ಲಿ. ಅದನ್ನು ಐಪ್ಯಾಡಿನಲ್ಲಿ ತೆರೆದು ಓದಲು ಐಪ್ಯಾಡ್ ಬಳಸಲು ಬರಬೇಕು. ಇದಕ್ಕೆ ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಪೂರ್ವಪಕ್ಷಿ ಕೂತುಕೊಳ್ಳುತ್ತಾನೆ.

ಪೂರ್ವಾಚಾರ್ಯರ ವಂದನೆಯನ್ನು ಬೇಗ ಮುಗಿಸೋಣ. 1972ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅಲನ್ ಕೇ ಮಕ್ಕಳ ಕೈಗೊಂದು ಪುಸ್ತಕದಂಥ ಕಂಪ್ಯೂಟರ್ ಇರಬೇಕೆಂದು 'ಡೈನಾಬುಕ್' ಕಲ್ಪಿಸಿದರು. 2002ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್‌ಗೇ ಒಂದು ಕಡ್ಡಿ ಕೊಟ್ಟು ಟ್ಯಾಬ್ಲೆಟ್ ಎಂದಿತು. ನಮ್ಮವರ ಪಾಲನ್ನು ಬಿಟ್ಟರೆ ಕೃತಘ್ನತೆಯಾದೀತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎಂಜಿನಿಯರುಗಳೂ ಸೇರಿ ಕಟ್ಟಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ಓಡುತ್ತಿತ್ತು, ಕಡ್ಡಿಯಿಂದ ಬರೆಸಿಕೊಳ್ಳುತ್ತಿತ್ತು. 2004ರಲ್ಲಿ ಬಂದ ಅದರ 'ಅಮಿದ' ಅವತಾರದಲ್ಲಿ ವಾಲಿಕೆಯನ್ನು ಗ್ರಹಿಸುವ ಆಕ್ಸೆಲೆರೋಮೀಟರ್ ಕೂಡ ಇತ್ತು. ಜಗತ್ತು ಚಪ್ಪಾಳೆ ತಟ್ಟಲು ಇನ್ನಷ್ಟು ವರ್ಷ ಬೇಕಿತ್ತು, ಆಗ ವೇದಿಕೆಯ ಮೇಲೆ ಬೇರೆಯವರಿದ್ದರು. 2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಸೋಫಾದ ಮೇಲೆ ಒರಗಿ ಕೂತು ಐಪ್ಯಾಡ್ ತೋರಿಸಿದರು. ಒರಗಿ ಕೂತು ಮಾಡಬಹುದಾದ ಕೆಲಸ ಎಂಬ ಭ್ರಾಂತಿಯ ಮೂಲ ಅದೇ ಸೋಫಾ ಎಂದು ಈ ಗ್ರಂಥಕರ್ತನ ಅಭಿಪ್ರಾಯ.

ದೀಕ್ಷಾವಿಧಿಗೆ ಬರೋಣ. ಮೊದಲ ಐಪ್ಯಾಡ್ ತಾನಾಗಿ ಎದ್ದೇಳುತ್ತಿರಲಿಲ್ಲ. ಐಟ್ಯೂನ್ಸ್ ಇರುವ ಇನ್ನೊಂದು ಕಂಪ್ಯೂಟರಿಗೆ ತಂತಿ ಕಟ್ಟಿದರೆ ಮಾತ್ರ ಕಣ್ತೆರೆಯುತ್ತಿತ್ತು. ಗುರುಮುಖವಿಲ್ಲದೆ ದೀಕ್ಷೆಯಿಲ್ಲ ಎಂಬ ಈ ಕಟ್ಟಳೆ ಐಓಎಸ್ 5ರೊಂದಿಗೆ 2011ರಲ್ಲಿ ಸಡಿಲವಾಯಿತು. ಈಗ ತೆರೆಯೇ ಹಲವು ಭಾಷೆಗಳಲ್ಲಿ ನಮಸ್ಕಾರ ಹೇಳಿ ಭಾಷೆಯ ಪಟ್ಟಿ ಮುಂದಿಡುತ್ತದೆ. ಅದರಲ್ಲಿ ಕನ್ನಡ ಸೇರಿದ್ದು 2025ರ ಮಾರ್ಚಿನಲ್ಲಿ, 18.4ನೇ ಆವೃತ್ತಿಯಲ್ಲಿ. ಕನ್ನಡದ ಕೀಲಿಮಣೆ ಅದಕ್ಕೂ ಬಹಳ ಮೊದಲೇ ಬಂದಿತ್ತು. ಅಷ್ಟೂ ಕಾಲ ನಾವು ಅದರೊಳಗೆ ಕನ್ನಡ ಬರೆಯುತ್ತಿದ್ದೆವು, ಅದು ನಮಗೆ ಇಂಗ್ಲಿಷಿನಲ್ಲೇ ಗದರುತ್ತಿತ್ತು. ಮುಂದೆ ವೈಫೈ, ಆಪಲ್ ಖಾತೆ, ಆರಂಕಿಯ ಗುಟ್ಟಿನ ಸಂಖ್ಯೆ, ಬೆರಳಚ್ಚು. ಮುಖ ಗುರುತಿಸುವ ಮಾದರಿಯಾದರೆ ಕತ್ತನ್ನು ವೃತ್ತಾಕಾರದಲ್ಲಿ ಎರಡು ಸಲ ತಿರುಗಿಸಬೇಕು. ಇದಕ್ಕೆ ಸ್ವಶಿರಃಪ್ರದಕ್ಷಿಣೆ ಎಂದು ಹೆಸರಿಡಬಹುದು, ಸ್ಪಾಂಡಿಲೈಟಿಸ್ ಇರುವವರಿಗೆ ವಿನಾಯಿತಿ ಬೇಕು. ನಡುವೆ ಷರತ್ತುಗಳ ಮಹಾಪಾರಾಯಣವೊಂದು ಬರುತ್ತದೆ. ಅರ್ಥ ತಿಳಿಯದೆ 'ಒಪ್ಪಿದೆ' ಎನ್ನುವುದರಲ್ಲಿ ದೋಷವಿಲ್ಲ. ಮದುವೆಮಂಟಪದಲ್ಲೂ ಅದೇ ತಾನೇ ನಡೆಯುವುದು?

ಇನ್ನು ಗ್ರಂಥದ ಹೃದಯಭಾಗ. ಐಪ್ಯಾಡಿನ ನಡುವೆ ಏನೂ ಇಲ್ಲ, ಚಿತ್ರಗಳಿವೆ ಅಷ್ಟೆ. ಶಕ್ತಿಯೆಲ್ಲ ಅಂಚಿನಲ್ಲಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಛಾವಣಿಯಲ್ಲಿ ನಡುವೆ ಶಿವ ಕುಣಿಯುತ್ತಾನೆ, ಸುತ್ತ ಎಂಟು ದಿಕ್ಕಿಗೂ ಪಾಲಕರಿದ್ದಾರೆ. ಐಪ್ಯಾಡಿನ ವಿನ್ಯಾಸಕ್ಕೂ ಇದಕ್ಕೂ ಇರುವ ಸಾದೃಶ್ಯವನ್ನು ಕ್ಯಾಲಿಫೋರ್ನಿಯಾದವರು ಬಾಯಿಬಿಟ್ಟು ಹೇಳಿಲ್ಲ, ಪ್ರತಿಭಾವಂತರು ಮೂಲವನ್ನು ಹೇಳುವುದಿಲ್ಲ. ಭೂಪಟದಂತೆ ಮೇಲನ್ನು ಉತ್ತರವೆಂದು ಹಿಡಿಯಿರಿ.

ಈಶಾನ್ಯದ ಮೂಲೆಯಿಂದ ಕೆಳಗೆಳೆದರೆ ಕಂಟ್ರೋಲ್ ಸೆಂಟರ್: ಬೆಳಕು, ಸದ್ದು, ವೈಫೈ. ಈಶಾನ್ಯ ದೇವರಮನೆಯ ಸ್ಥಾನವಾದ್ದರಿಂದ ಇದು ಸರಿಯೇ. ಆದರೆ 2018ರವರೆಗೆ ಅದು ಕೆಳಗಿನ ಅಂಚಿನಲ್ಲಿತ್ತು ಎಂಬುದನ್ನು ಮರೆಯಬಾರದು. ಕಷ್ಟಪಟ್ಟು ಕಲಿತ ಹಿರಿಯರು ಮರುವರ್ಷ ಅದೇ ಅಂಚನ್ನು ಉಜ್ಜಿ ಉಜ್ಜಿ ಸೋತರು, ದೇವರು ಮೂಲೆ ಬದಲಿಸಿದ್ದ. ವಾಯವ್ಯದ ಕಡೆಯಿಂದ ಎಳೆದರೆ ಸುದ್ದಿಗಳ ರಾಶಿ. ಗಾಳಿಸುದ್ದಿ ವಾಯುವಿನ ದಿಕ್ಕಿನಿಂದಲ್ಲದೆ ಇನ್ನೆಲ್ಲಿಂದ ಬಂದೀತು? ಆಗ್ನೇಯದ ಮೂಲೆ ಕೆರೆದರೆ ಟಿಪ್ಪಣಿಯ ಪುಟ್ಟ ಚೀಟಿಯೊಂದು ಕೇಳದೆಯೇ ಮೇಲೇಳುತ್ತದೆ, ನೈಋತ್ಯದಿಂದ ಆಪಲ್ ಪೆನ್ಸಿಲ್ ಎಳೆದರೆ ತೆರೆಯ ಫೋಟೋ ಬೀಳುತ್ತದೆ. ಯಾರಿಗೂ ಬೇಡವಾದ ಇಂಥ ಫೋಟೋಗಳು ಎಲ್ಲರ ಐಪ್ಯಾಡಿನಲ್ಲೂ ಇವೆ, ನಿಋತಿಯ ಪ್ರಭಾವ.

ದಕ್ಷಿಣದ ವಿಚಾರ ಗಂಭೀರ. ಕೆಳಗಿನಿಂದ ಮೇಲಕ್ಕೆ ತೀಡಿದರೆ ಮನೆಗೆ ಹೋಗುತ್ತೀರಿ. ತೀಡಿ ಅರೆಗಳಿಗೆ ತಡೆದರೆ ತೆರೆದ ಆ್ಯಪ್‌ಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಒಂದನ್ನು ಮೇಲಕ್ಕೆ ತಳ್ಳಿದಿರೋ, ಸತ್ತಿತು. ದಕ್ಷಿಣ ಯಮನ ದಿಕ್ಕೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ. ಬ್ಯಾಟರಿ ಉಳಿಯಲೆಂದು ಮಲಗುವ ಮುಂಚೆ ಎಲ್ಲವನ್ನೂ ಹೀಗೆ ಸಂಹರಿಸುವ ಪಂಥವೊಂದು ನಮ್ಮಲ್ಲಿ ಪ್ರಬಲವಾಗಿದೆ. ಸೆಟೆದು ನಿಂತ ಆ್ಯಪನ್ನು ಮಾತ್ರ ಮುಚ್ಚಿ ಎಂಬುದು ಆಪಲ್‌ನ ವಚನ. ಸುಮ್ಮನೆ ನಿದ್ದೆ ಹೋದದ್ದನ್ನು ಕೊಂದು ಬೆಳಿಗ್ಗೆ ಹೊಸದಾಗಿ ಹುಟ್ಟಿಸುವುದಕ್ಕೇ ಹೆಚ್ಚು ಬ್ಯಾಟರಿ. ಪಂಥದವರು ಒಪ್ಪುವುದಿಲ್ಲ, ರಾತ್ರಿಯ ಆ ಸಂಹಾರದಲ್ಲಿ ಅವರಿಗೊಂದು ತೃಪ್ತಿಯಿದೆ.

ಪೂರ್ವದ ಇಂದ್ರನ ಕಥೆ ಪುರಾಣದಂತೆಯೇ ನಡೆದಿದೆ. 2015ರಿಂದ ಬಲದ ಅಂಚಿನಲ್ಲಿ 'ಸ್ಲೈಡ್ ಓವರ್' ಎಂಬ ಸಣ್ಣ ಕಿಟಕಿ ವೈಭವದಿಂದ ಆಳುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಐಪ್ಯಾಡ್‌ಓಎಸ್ 26 ಬಂದು, ಕಂಪ್ಯೂಟರಿನಂತೆ ಕಿಟಕಿಗಳನ್ನು ಎಲ್ಲೆಂದರಲ್ಲಿ ತೇಲಿಬಿಟ್ಟು, ಇಂದ್ರನನ್ನು ಪದಚ್ಯುತಗೊಳಿಸಿತು. ಭಕ್ತರ ಗೋಳು ಕೇಳಿಸಿತು. 26.1ರಲ್ಲಿ ಸಿಂಹಾಸನ ಮರಳಿತು, ಪುರಾಣಗಳಲ್ಲಿ ಆಗುವಂತೆ ಕಿರೀಟ ಸ್ವಲ್ಪ ಸೊಟ್ಟಗಾಗಿ. (18ರಿಂದ ಒಮ್ಮೆಲೇ 26ಕ್ಕೆ ಜಿಗಿದದ್ದೇಕೆಂದು ಶಿಷ್ಯರು ಕೇಳಬಾರದು. ಐಪ್ಯಾಡ್‌ಓಎಸ್ 2019ರಲ್ಲಿ ಹುಟ್ಟಿದಾಗಲೇ ಅದರ ವಯಸ್ಸು 13.) ವರುಣ, ಕುಬೇರರ ಬಗ್ಗೆ ವಿಸ್ತರಿಸುವುದಿಲ್ಲ. ಕುಬೇರನ ಉತ್ತರದಂಚಿನಲ್ಲಿ ಈಗ ಮೆನುಪಟ್ಟಿ ಅಡಗಿದೆ ಎಂದರೆ ಸಾಕು, ಸಂಪತ್ತು ಯಾವಾಗಲೂ ಬಚ್ಚಿಟ್ಟೇ ಇರುತ್ತದೆ.

ಒಂದು ಘೋರ ಆಕ್ಷೇಪವಿದೆ. ಫಲಕವನ್ನು ಅಡ್ಡ ತಿರುಗಿಸಿದರೆ ದಿಕ್ಕುಗಳ ಗತಿಯೇನು? ಗುಡಿಯನ್ನು ಹಾಗೆ ತಿರುಗಿಸಲಾಗದು, ಇಲ್ಲಿ ಮಾತ್ರ ಎಂಟೂ ಜನ ಎದ್ದುಬಂದು ಹೊಸ ಜಾಗಗಳಲ್ಲಿ ಕೂರುತ್ತಾರೆ. ವಾಸ್ತುಪಂಡಿತರು ಈ ಯಂತ್ರದ ಬಗ್ಗೆ ಮೌನವಾಗಿರುವುದು ಇದರಿಂದಲೇ. ತಿರುಗುವುದನ್ನು ತಡೆಯುವ ಬೀಗ ಈಶಾನ್ಯದಲ್ಲಿದೆ, ಈಶಾನ್ಯ ಯಾವ ಕಡೆ ಎಂದು ಮೊದಲು ಗೊತ್ತಾಗಬೇಕು. ಮಂಚದಲ್ಲಿ ಅಂಗಾತ ಮಲಗಿ ಮುಖದ ಮೇಲೆ ಹಿಡಿಯುವವರ ದಿಕ್ಕನ್ನು ಪ್ರತ್ಯೇಕವಾಗಿ ಚರ್ಚಿಸಬಹುದಿತ್ತು. ಅಷ್ಟರಲ್ಲಿ ಅದು ಜಾರಿ ಮೂಗಿನ ಮೇಲೆ ಬೀಳುತ್ತದೆ.

ಮುದ್ರೆಗಳು: ಮೂರು ಬೆರಳು ಚಿವುಟಿದರೆ ನಕಲು, ಹರಡಿದರೆ ಅಂಟು, ಎಡಕ್ಕೆ ಸವರಿದರೆ ಮಾಡಿದ್ದು ರದ್ದು. ಭರತನಾಟ್ಯ ಕಲಿತವರಿಗೆ ಬೇಗ ಬರುತ್ತದೆ. ಇಷ್ಟೆಲ್ಲ ಅಂಗುಲಿವಿದ್ಯೆ ಬಲ್ಲ ಯಂತ್ರಕ್ಕೆ ಕೂಡುವ ಕಳೆಯುವ ಕ್ಯಾಲ್ಕ್ಯುಲೇಟರ್ ದೊರೆತದ್ದು 2024ರಲ್ಲಿ, ಹುಟ್ಟಿ ಹದಿನಾಲ್ಕು ವರ್ಷಕ್ಕೆ. ದಿನಸಿ ಅಂಗಡಿಯವರು ಅಲ್ಲಿಯವರೆಗೆ ಇದನ್ನು ಏಕೆ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂಬುದು ಸ್ಪಷ್ಟ.

ಕೊನೆಗೆ ಪ್ರಾಯಶ್ಚಿತ್ತಕಾಂಡ. ತೆರೆ ಕಲ್ಲಾಗಿ ಯಾವ ದೇವತೆಯೂ ಓಗೊಡದಿದ್ದರೆ, ಹೋಮ್ ಗುಂಡಿಯಿಲ್ಲದ ಮಾದರಿಗಳಿಗೆ ವಿಧಿ ಹೀಗಿದೆ. ಮೇಲಿನ ಪವರ್ ಗುಂಡಿಗೆ ಹತ್ತಿರವಿರುವ ಸದ್ದಿನ ಗುಂಡಿಯನ್ನು ಒತ್ತಿ ಬಿಡಬೇಕು. ದೂರದ್ದನ್ನು ಒತ್ತಿ ಬಿಡಬೇಕು. ಆಮೇಲೆ ಪವರ್ ಗುಂಡಿಯನ್ನು ಒತ್ತಿ ಹಿಡಿಯಬೇಕು, ಬಿಡಕೂಡದು. ನಡುವೆ 'ಆಫ್ ಮಾಡಲು ಸರಿಸಿ' ಎಂಬ ಪಟ್ಟಿ ಕಾಣಿಸಿಕೊಂಡು ಸಾಧಕನ ಬೆರಳನ್ನು ಕರೆಯುತ್ತದೆ. ಮೇನಕೆ ಎಂದು ತಿಳಿದು ಅತ್ತ ನೋಡಬಾರದು. ಕಪ್ಪು ತೆರೆಯಲ್ಲಿ ಕಚ್ಚಿದ ಸೇಬು ಮೂಡಿದ ಮೇಲೆ ಬೆರಳು ತೆಗೆಯಬಹುದು, ಕಾಫಿಗೆ ನೀರಿಡಬಹುದು.